ಗುಜರಿಯಿಂದ ತಂದ ಹಳೇ ಕಂಪ್ಯೂಟರ್‌ಗೆ ಮತ್ತೆ ಜೀವ: ಸ್ವಿಚ್ ಒತ್ತುವ ಮುಂಚೆ ಮಾಡಬೇಕಾದ ಕೆಲಸಗಳು

ಕೋಲಾರದ ಒಂದು ಗುಜರಿ ಅಂಗಡಿ. ತುಕ್ಕು ಹಿಡಿದ ಸೈಕಲ್ ಚೌಕಟ್ಟು, ರೆಕ್ಕೆ ಮುರಿದ ಫ್ಯಾನ್‌ಗಳ ನಡುವೆ ಹಳದಿಗಟ್ಟಿದ ಒಂದು ಡಬ್ಬಿ ಕಣ್ಣಿಗೆ ಬಿತ್ತು. ಮುಂದೆ ಟರ್ಬೊ ಬಟನ್ನು, ಪಕ್ಕದಲ್ಲಿ ಬೀಗದ ಕೈ ತೂರಿಸುವ ತೂತು, ಎರಡು ಫ್ಲಾಪಿ ಬಾಯಿ. ಯಾವುದೋ ಡಿಟಿಪಿ ಅಂಗಡಿ ಮುಚ್ಚಿದಾಗ ಬಂದದ್ದಂತೆ. ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲೇ ಕೊಟ್ಟರು. ಮನೆಗೆ ತಂದು ಮುಚ್ಚಳ ತೆಗೆದರೆ 486 ಡಿಎಕ್ಸ್2 ಪ್ರೊಸೆಸರ್, 66 ಮೆಗಾಹರ್ಟ್ಸ್.

ಅದನ್ನು ತಂದ ದಿನ ನಾನು ಕರೆಂಟ್ ಕೊಡಲಿಲ್ಲ. ಮೂರು ವಾರ ಕೊಡಲಿಲ್ಲ. ಅದಕ್ಕೆ ಕಾರಣ ಅದಕ್ಕಿಂತ ಮುಂಚೆ ಸಿಕ್ಕಿದ್ದ ಒಂದು 386. ಆ ದಿನ ಖುಷಿಯಲ್ಲಿ ನೇರವಾಗಿ ಪ್ಲಗ್ ಚುಚ್ಚಿ ಸ್ವಿಚ್ ಹಾಕಿಬಿಟ್ಟೆ. ಹಿಂಬದಿಯ ಸಣ್ಣ ಕೆಂಪು ಸ್ವಿಚ್ 115 ವೋಲ್ಟ್ ಕಡೆಗಿತ್ತು. ನಮ್ಮ ಲೈನು 230. ಪಟಾಕಿ ಹೊಡೆದ ಸದ್ದು, ಕೋಣೆ ತುಂಬ ಹೊಗೆ. ಅದಕ್ಕೆ ಹೊಂದುವ ಇನ್ನೊಂದು ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿ) ಹುಡುಕಲು ಎಂಟು ತಿಂಗಳು ಹಿಡಿಯಿತು.

ಹಳೇ ಕಂಪ್ಯೂಟರ್‌ಗಳು ಇಪ್ಪತ್ತೈದು ವರ್ಷ ಅಟ್ಟದ ಮೇಲೆ ಸುಮ್ನೆ ಬಿದ್ದಿದ್ದರೂ ಉಳಿದುಕೊಂಡಿರುತ್ತವೆ. ಎಷ್ಟೋ ಮೆಷಿನ್ ಹಾಳಾಗುವುದು ನಮ್ಮ ಮನೆಗೆ ಬಂದ ಮೊದಲ ಹತ್ತು ನಿಮಿಷದಲ್ಲಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕರೆಂಟ್ ಬರುವುದು ತುಂಬಾ ತಡವಾಗಿ. ದಯವಿಟ್ಟು ಅದೇ ಕ್ರಮದಲ್ಲಿ ಮಾಡಿ.

ಯಾವ ಮೆಷಿನ್, ಎಲ್ಲಿ ಹುಡುಕುವುದು

ಮೊದಲ ಸಲಕ್ಕೆ 486 ಅಥವಾ ಮೊದಮೊದಲ ಪೆಂಟಿಯಂ ಒಳ್ಳೆಯದು. ಬಿಡಿಭಾಗ ಇನ್ನೂ ಸಿಗುತ್ತವೆ. ಈಗಿನ ವಿಜಿಎ ಮಾನಿಟರ್ ನೇರ ಹಾಕಬಹುದು. 8088 ಪ್ರೊಸೆಸರ್‌ನ ಎಕ್ಸ್‌ಟಿ ಸಿಕ್ಕರೆ ಅದೂ ಚಿನ್ನವೇ. ಆದರೆ ಅದರ ಮಾನಿಟರ್, ಹಾರ್ಡ್ ಡಿಸ್ಕ್, ಕೀಬೋರ್ಡ್ ಎಲ್ಲವೂ ಬೇರೆ ಥರ. 1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 'ಕ್ಲಾಸ್' ಎಂಬ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಬಂದಿದ್ದವು. ಯಾವುದಾದರೂ ಹಳೇ ಹೈಸ್ಕೂಲಿನ ಬೀರುವಿನಲ್ಲಿ ಅಂಥದ್ದು ಕಂಡರೆ ಗುಜರಿಗೆ ಹೋಗಲು ಬಿಡಬೇಡಿ. ಆದರೆ ಕೈ ಪಳಗಿದ ಮೇಲೆ ಅದನ್ನು ಮುಟ್ಟಿ.

ನಮ್ಮ ಕಡೆ ಇವು ಸಿಗುವುದು ಟೈಪಿಂಗ್ ಇನ್‌ಸ್ಟಿಟ್ಯೂಟ್, ಪ್ರೆಸ್ಸು, ಡಿಟಿಪಿ ಅಂಗಡಿ, ಹಾಲಿನ ಸೊಸೈಟಿಗಳ ಹಿಂದಿನ ಕೋಣೆಯಲ್ಲಿ. ಕೋಲಾರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಯ ಗುಜರಿಯವರಿಗೆ ಒಮ್ಮೆ ನಂಬರ್ ಕೊಟ್ಟು, 'ಹಳೇ ಕಂಪ್ಯೂಟರ್ ಬಂದರೆ ಒಡೆಯೋಕೆ ಮುಂಚೆ ಫೋನ್ ಮಾಡಿ' ಅಂತ ಹೇಳಿಟ್ಟರೆ ಸಾಕು. ಅವರು ಚಿಪ್‌ಗಳ ಚಿನ್ನಕ್ಕಾಗಿ ಬೋರ್ಡ್ ಬಿಚ್ಚಿ ಬೇರೆ ಕಡೆ ಮಾರುತ್ತಾರೆ. ತೂಕಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಇಡೀ ಡಬ್ಬಿ ಎತ್ತಿಟ್ಟಿರುತ್ತಾರೆ. ಇಲ್ಲಿ ಸಿಗದ ಬಿಡಿಭಾಗಕ್ಕೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ.

ನಮ್ಮ ಜಿಲ್ಲೆಯ ಒಣ ಹವೆ ಈ ಹವ್ಯಾಸಕ್ಕೆ ದೊಡ್ಡ ವರ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತುಕ್ಕು, ಬೂಷ್ಟು ತಿಂದು ಹಾಕುವಂಥ ಮೆಷಿನ್ ಇಲ್ಲಿ ಬರೀ ಕೆಂಪು ಧೂಳು ಹೊತ್ತು ಕೂತಿರುತ್ತದೆ.

ಕೈಯಲ್ಲಿ ಇರಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್. ಸ್ಟಾರ್ ಸ್ಕ್ರೂಡ್ರೈವರ್. 25ರಿಂದ 40 ವ್ಯಾಟ್‌ನ ಸೋಲ್ಡರಿಂಗ್ ಐರನ್, 60/40 ಸೋಲ್ಡರ್, ಫ್ಲಕ್ಸ್. ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ ಲೀಟರ್. ಪೇಂಟ್ ಹೊಡೆಯುವ ಮೆತ್ತನೆ ಬ್ರಷ್ಷು, ಹಳೇ ಟೂತ್‌ಬ್ರಷ್ಷು, ಪೆನ್ಸಿಲ್ ರಬ್ಬರ್, ಬಿಳಿ ವಿನೆಗರ್. ಕಣ್ಣಿಗೆ ಕನ್ನಡಕ. ಇನ್ನು ಎರಡು ಲೀಟರ್ ಡಿಸ್ಟಿಲ್ಡ್ ವಾಟರ್, ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ ಅದೇ.

ಈ ನೀರಿನ ವಿಷಯದಲ್ಲಿ ರಾಜಿ ಬೇಡ. ನಮ್ಮ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೇವೆ ಅಲ್ವಾ? ಅದೇ ಉಪ್ಪು ಚಿಪ್‌ಗಳ ಕಾಲುಗಳ ನಡುವೆ ಕೂತರೆ, ಮಳೆಗಾಲದ ತೇವಕ್ಕೆ ಕರೆಂಟ್ ಹರಿಯುವ ದಾರಿಯಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಬೋರ್ಡ್ ತೊಳೆಯಲು ನಲ್ಲಿ ನೀರು ಮುಟ್ಟಲೇಬೇಡಿ.

ಬಿಚ್ಚುವುದು

ಪ್ಲಗ್ ಹೊರಗಿರಲಿ. ಮುಚ್ಚಳ ತೆಗೆದ ತಕ್ಷಣ ಫೋಟೊ ತೆಗೆಯಿರಿ, ಪ್ರತಿ ಕೇಬಲ್ ಬಿಚ್ಚುವ ಮುಂಚೆ ಇನ್ನೊಂದು. ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಯಾವ ಕಡೆಗಿದೆ, ಜಂಪರ್‌ಗಳು (ಎರಡು ಪಿನ್ ಸೇರಿಸುವ ಪುಟ್ಟ ಟೋಪಿಗಳು) ಯಾವ ಪಿನ್ ಮೇಲಿವೆ ಅನ್ನುವುದು ಸ್ಪಷ್ಟವಾಗಿ ಕಾಣಬೇಕು. ಆ ಬೋರ್ಡಿನ ಪುಸ್ತಕ ನಿಮಗೆ ಸಿಗದೇ ಇರಬಹುದು. ಆಗ ಈ ಫೋಟೊಗಳೇ ಪುಸ್ತಕ.

ಧೂಳು ತೆಗೆಯುವ ಕೆಲಸ ತಾರಸಿ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ಬ್ಲೋಯರ್ ಹಿಡಿಯುವಾಗ ಫ್ಯಾನಿಗೆ ಕಡ್ಡಿ ಕೊಟ್ಟು ತಿರುಗದಂತೆ ನಿಲ್ಲಿಸಿ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಹವೆ ಎಷ್ಟು ಒಣಗಿರುತ್ತದೆ ಎಂದರೆ ಸ್ವೆಟರ್ ತೆಗೆದರೆ ಚಟಚಟ ಅನ್ನುತ್ತದೆ. ಆ ಕೈಯಲ್ಲಿ ಮೆಮೊರಿ ಮುಟ್ಟಿದರೆ ಅದು ಹೋದ ಹಾಗೆ. ಪ್ರತಿ ಸಲ ಮೊದಲು ಕೇಸಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ಬೋರ್ಡ್.

ಬ್ಯಾಟರಿ: ಮೊದಲ ದಿನವೇ ಕಿತ್ತು ಹಾಕಿ

ಬೇರೆ ಏನೂ ಮಾಡಲು ಸಮಯವಿಲ್ಲದಿದ್ದರೂ ಇದೊಂದು ಮಾಡಿ. 286ರಿಂದ 486ರವರೆಗಿನ ಬಹುತೇಕ ಬೋರ್ಡ್‌ಗಳಲ್ಲಿ, ಸಾಮಾನ್ಯವಾಗಿ ಕೀಬೋರ್ಡ್ ಸಾಕೆಟ್ ಹತ್ತಿರ, ಹೆಬ್ಬೆರಳ ತುದಿಯಷ್ಟು ಗಾತ್ರದ ಪೀಪಾಯಿಯಂಥ ಬ್ಯಾಟರಿ ಇರುತ್ತದೆ. 3.6 ವೋಲ್ಟ್‌ನ ನಿಕ್ಕಲ್ ಕ್ಯಾಡ್ಮಿಯಂ. ಮೆಷಿನ್ ಆರಿಸಿದಾಗ ಗಡಿಯಾರ ಮತ್ತು ಸೆಟಪ್ ಮಾಹಿತಿ ಕಾಯುವುದು ಅದರ ಕೆಲಸ. ವಯಸ್ಸಾದ ಮೇಲೆ ಅದು ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಬೋರ್ಡಿನ ತಾಮ್ರದ ಗೆರೆಗಳನ್ನು ಒಂದೊಂದಾಗಿ ತಿನ್ನುತ್ತಾ ಹೋಗುತ್ತದೆ. ಮೆಷಿನ್ ಓಡುತ್ತಿರಲಿ, ನಿಂತಿರಲಿ, ತಿನ್ನುವುದು ನಿಲ್ಲುವುದಿಲ್ಲ.

ನನ್ನ 486ರಲ್ಲಿ ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಸುತ್ತ ಪಾಚಿ ಕಟ್ಟಿದ ಹಾಗೆ ಹಸಿರು ಪುಡಿ ಇತ್ತು. ಬ್ಯಾಟರಿಯನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿ ತೆಗೆದೆ. ಮೊದಲೇ ಪ್ಲಸ್ ಯಾವ ತೂತು, ಮೈನಸ್ ಯಾವ ತೂತು ಅಂತ ಮಾರ್ಕರ್‌ನಲ್ಲಿ ಬೋರ್ಡ್ ಮೇಲೆ ಬರೆದಿದ್ದೆ. ನೀವೂ ಬರೆಯಿರಿ.

ಸೋರಿದ ರಸ ಕ್ಷಾರ. ಅದನ್ನು ಮುರಿಯಲು ಆಮ್ಲ ಬೇಕು. ಬಿಳಿ ವಿನೆಗರ್‌ನಲ್ಲಿ ಹತ್ತಿಕಡ್ಡಿ ಅದ್ದಿ, ಹಸಿರು ಇರುವಲ್ಲಿ ಮಾತ್ರ ಒತ್ತಿ. ಸಣ್ಣಗೆ ಗುಳ್ಳೆ ಬರಬಹುದು. ಹತ್ತು ನಿಮಿಷ ಬಿಟ್ಟು ಟೂತ್‌ಬ್ರಷ್ಷಿನಲ್ಲಿ ಉಜ್ಜಿ. ನಿಂಬೆರಸವೂ ಆಮ್ಲವೇ, ಆದರೆ ಅದರ ಸಕ್ಕರೆ, ತಿರುಳು ಅಂಟಿಕೊಳ್ಳುತ್ತದೆ, ನನಗೆ ಇಷ್ಟವಿಲ್ಲ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಚೆನ್ನಾಗಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಹಾಯಿಸಿ. ಎರಡು ದಿನ ನೆರಳಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ.

ಒಣಗಿದ ಮೇಲೆ ಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪಾದ ಗೆರೆ ಕಂಡರೆ ಅಲ್ಲಿ ತಾಮ್ರ ಹೋಗಿದೆ ಅಥವಾ ಹೋಗುವುದರಲ್ಲಿದೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಗೆರೆಯ ಎರಡು ತುದಿ ಮುಟ್ಟಿಸಿ. ಬೀಪ್ ಬರದಿದ್ದರೆ ಗೆರೆ ತುಂಡಾಗಿದೆ. ನನ್ನ ಬೋರ್ಡಿನಲ್ಲಿ ಅಂಥವು ಮೂರು. ಬ್ಲೇಡಿನ ತುದಿಯಿಂದ ಮೇಲಿನ ಹಸಿರು ಬಣ್ಣ ಮೆಲ್ಲಗೆ ಕೆರೆದು, ತಾಮ್ರ ಕೆಂಪಗೆ ಹೊಳೆಯುವವರೆಗೂ ಹೋಗಬೇಕು. ಫ್ಲಕ್ಸ್ ಹಚ್ಚಿ ತೆಳ್ಳಗೆ ಸೋಲ್ಡರ್ ಸವರಬೇಕು. ಮೆತ್ತನೆ ವೈರಿನೊಳಗಿನ ಕೂದಲಿನಂಥ ಒಂದೇ ಒಂದು ಎಳೆ ತೆಗೆದು, ಮುರಿದ ಜಾಗದ ಮೇಲೆ ಮಲಗಿಸಿ ಎರಡೂ ಕಡೆ ಬೆಸುಗೆ ಹಾಕಬೇಕು. ಒಂದು ಗೆರೆಗೆ ಅರ್ಧ ಗಂಟೆ ಹಿಡಿಯಿತು. ಮೂರನೆಯದು ಮುಗಿದು ಬೀಪ್ ಕೇಳಿದಾಗ ಆದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಬದಲಿ ಬ್ಯಾಟರಿಯನ್ನು ಮತ್ತೆ ಬೋರ್ಡ್ ಮೇಲೆ ಬೆಸೆಯಬೇಡಿ. ರೇಡಿಯೊ ಅಂಗಡಿಯಲ್ಲಿ ಸಿಗುವ ಮೂರು ಪೆನ್ಸಿಲ್ ಸೆಲ್ಲಿನ ಹೋಲ್ಡರ್ ತಂದು, ಉದ್ದ ವೈರ್ ಕೊಟ್ಟು ಕೇಸಿನ ಗೋಡೆಗೆ ಅಂಟಿಸಿ. ಪ್ಲಸ್ ವೈರಿನ ನಡುವೆ 1ಎನ್4007 ಡಯೋಡ್ ಇರಲೇಬೇಕು, ಅದರ ಬಿಳಿ ಪಟ್ಟಿ ಬೋರ್ಡಿನ ಕಡೆಗೆ. ಹಳೇ ಬ್ಯಾಟರಿ ಚಾರ್ಜ್ ಆಗುವಂಥದ್ದು, ಬೋರ್ಡ್ ಅದಕ್ಕೆ ಚಾರ್ಜ್ ಕಳಿಸುತ್ತದೆ. ಪೆನ್ಸಿಲ್ ಸೆಲ್ಲಿಗೆ ಚಾರ್ಜ್ ಹೋದರೆ ಅದು ಸೋರುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಡಯೋಡ್ ಅದನ್ನು ತಡೆಯುತ್ತದೆ. ಮೂರು ಸೆಲ್ಲಿನ 4.5 ವೋಲ್ಟ್, ಡಯೋಡ್ ದಾಟಿ 3.8ರಷ್ಟಾಗುತ್ತದೆ. ಬೋರ್ಡಿಗೆ ಅಷ್ಟು ಸಾಕು. ಕಿತ್ತ ಹಳೇ ಬ್ಯಾಟರಿಯಲ್ಲಿ ಕ್ಯಾಡ್ಮಿಯಂ ಇದೆ. ಅದನ್ನು ಕಸದ ಗಾಡಿಗೆ ಹಾಕಬೇಡಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಎಸ್‌ಎಂಪಿಎಸ್ ಪರೀಕ್ಷೆ

ಈ ಭಾಗದಲ್ಲಿ ಪ್ರಾಣಾಪಾಯ ಇದೆ, ನಿಧಾನವಾಗಿ ಓದಿ. ಎಸ್‌ಎಂಪಿಎಸ್ ಒಳಗಿನ ಎರಡು ದಪ್ಪ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ನಿಮಗೆ ಅಭ್ಯಾಸವಿಲ್ಲದಿದ್ದರೆ ಆ ಡಬ್ಬಿ ಬಿಚ್ಚಬೇಡಿ. ಊರಲ್ಲಿ ಹಳೇ ಟಿವಿ ಮೆಕ್ಯಾನಿಕ್ ಇದ್ದೇ ಇರುತ್ತಾರೆ. ಪಿಕ್ಚರ್ ಟ್ಯೂಬ್ ಕಾಲದಿಂದ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ನಾನು ಕಲಿತದ್ದೂ ಅಂಥವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು. ಹಾಗೆಯೇ ಹಳೇ ಮಾನಿಟರ್ ಬಿಚ್ಚುವ ಆಸೆಯೂ ಬೇಡ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟ್‌ಗಿಂತ ಜಾಸ್ತಿ ಹೋಗುತ್ತದೆ.

ಹೊರಗಿನಿಂದ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮೊದಲು ಆ ಕೆಂಪು ಸ್ವಿಚ್: 230 ಕಾಣಬೇಕು. ನೋಡಿದ ಮೇಲೆ ಅದರ ಮೇಲೆ ಟೇಪ್ ಅಂಟಿಸಿಬಿಡಿ. ಎರಡನೆಯದು ಮುಂದಿನ ಪವರ್ ಬಟನ್. ಈಗಿನ ಕಂಪ್ಯೂಟರ್‌ನಲ್ಲಿ ಅದರಲ್ಲಿ ಹರಿಯುವುದು ಸಣ್ಣ ವೋಲ್ಟೇಜ್. ಎಟಿ ಎಂಬ ಹಳೇ ಮಾದರಿಯ ಕೇಸಿನಲ್ಲಿ ನೇರ 230 ವೋಲ್ಟ್ ಆ ಬಟನ್‌ವರೆಗೂ ಬರುತ್ತದೆ. ಅಲ್ಲಿನ ನಾಲ್ಕು ವೈರ್‌ಗಳ ತುದಿಯ ರಬ್ಬರ್ ಒಣಗಿ ಉದುರಿದ್ದರೆ ಹೊಸ ತೋಳು ತೊಡಿಸದೆ ಮುಂದೆ ಹೋಗಬೇಡಿ.

ಮೂರನೆಯದು ಅರ್ಥಿಂಗ್. ಕೇಸ್ ಮುಟ್ಟಿದರೆ ಕೈ ಜುಮ್ ಅನ್ನುವ ಅನುಭವ ಎಷ್ಟೋ ಜನರಿಗಿದೆ. ಮನೆಯ ಅರ್ಥ್ ಸರಿಯಿಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಮೂಲಕ ಲೈನಿನ ಅರ್ಧದಷ್ಟು ವೋಲ್ಟೇಜ್ ಕೇಸಿನ ಮೇಲೆ ನಿಲ್ಲುತ್ತದೆ, ಅದೇ ಆ ಜುಮ್. ಅರ್ಥ್ ಗುಂಡಿಗೆ ನೀರು ಹಾಕಿ ಎಷ್ಟು ದಿನವಾಯಿತು ನೋಡಿ. ಶಿವನಸಮುದ್ರದ ಕರೆಂಟ್ 1902ರಲ್ಲೇ ಬಂದದ್ದು ನಮ್ಮ ಕೆಜಿಎಫ್‌ಗೆ. ಆದರೂ ಬೇಸಿಗೆಯಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ನಮ್ಮ ಮನೆಯ ಮೀಟರ್ 190 ತೋರಿಸಿದ್ದುಂಟು. ಹಳೇ ಮೆಷಿನ್‌ಗೆ ಸ್ಟೆಬಿಲೈಸರ್ ಅಥವಾ ಯುಪಿಎಸ್ ಇರಲಿ.

ಈಗ ಸೀರೀಸ್ ಬೋರ್ಡ್. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುತ್ತದಲ್ಲ, ಸಾಕೆಟ್‌ಗೆ ಸರಣಿಯಲ್ಲಿ 100 ವ್ಯಾಟ್‌ನ ತಂತಿ ಬಲ್ಬ್. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಮದರ್‌ಬೋರ್ಡ್ ಬೇರೆ ತೆಗೆದಿಟ್ಟು, ಕೆಟ್ಟ ಹಾರ್ಡ್ ಡಿಸ್ಕ್ ಒಂದನ್ನು ಎಸ್‌ಎಂಪಿಎಸ್‌ನ ನಾಲ್ಕು ಪಿನ್ ಕನೆಕ್ಟರ್‌ಗೆ ಹಾಕಿ. ಲೋಡ್ ಇಲ್ಲದೆ ಹಳೇ ಎಸ್‌ಎಂಪಿಎಸ್ ಸರಿಯಾಗಿ ಶುರುವಾಗುವುದಿಲ್ಲ. ಸೀರೀಸ್ ಬೋರ್ಡಿಗೆ ಚುಚ್ಚಿ ಸ್ವಿಚ್ ಹಾಕಿ. ಬಲ್ಬ್ ಒಮ್ಮೆ ಜಗ್ಗನೆ ಹೊತ್ತಿ ತಕ್ಷಣ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆರಿಸಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಬಲ್ಬ್ ಪರೀಕ್ಷೆ ಪಾಸಾದ ಮೇಲೆ ನೇರ ಲೈನಿಗೆ ಕೊಟ್ಟು ಅಳೆಯಿರಿ. ಕಪ್ಪು ವೈರಿಗೂ ಕೆಂಪಿಗೂ 4.75ರಿಂದ 5.25ರ ಒಳಗೆ. ಕಪ್ಪಿಗೂ ಹಳದಿಗೂ 11.4ರಿಂದ 12.6. ಹೊರಗಿದ್ದರೆ ಬೋರ್ಡಿಗೆ ಜೋಡಿಸಬೇಡಿ.

ಮೊದಲ ಬಾರಿ ಸ್ವಿಚ್

ಬೋರ್ಡ್ ಜೋಡಿಸುವ ಮುಂಚೆ ಅದರ ಪವರ್ ಪಿನ್‌ಗಳಲ್ಲಿ 5 ವೋಲ್ಟ್‌ಗೂ ಗ್ರೌಂಡ್‌ಗೂ, 12ಕ್ಕೂ ಗ್ರೌಂಡ್‌ಗೂ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. ಸೊನ್ನೆಯ ಹತ್ತಿರ ಇದ್ದರೆ ಯಾವುದೋ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿದೆ. ಅವು ನೀರ ಹನಿಯ ಆಕಾರದ, ಹಳದಿ ಅಥವಾ ನೀಲಿ ಬಣ್ಣದ ಸಣ್ಣ ಕಾಳುಗಳು. 12 ವೋಲ್ಟ್ ಗೆರೆಯಲ್ಲಿರುವವು ಸಿಡಿಯುವುದು ಜಾಸ್ತಿ, ಅದಕ್ಕೇ ಕನ್ನಡಕ ಹಾಕಿಕೊಳ್ಳಿ ಎಂದದ್ದು.

ಎಟಿ ಬೋರ್ಡಿಗೆ ಪವರ್ ಬರುವುದು ಪಿ8, ಪಿ9 ಎಂಬ ಎರಡು ಪ್ಲಗ್‌ಗಳಿಂದ. ಎರಡೂ ಅಕ್ಕಪಕ್ಕ ಕೂರುತ್ತವೆ. ಅದಲು ಬದಲಾದರೆ ಬೋರ್ಡ್ ಸತ್ತಿತು. ನೆನಪಿಡಬೇಕಾದ್ದು ಇಷ್ಟೇ: ಎರಡರ ಕಪ್ಪು ವೈರ್‌ಗಳು ಮಧ್ಯದಲ್ಲಿ ಒಟ್ಟಿಗೆ ಬರಬೇಕು. ಜೋಡಿಸಿದ ಮೇಲೂ ಇನ್ನೊಮ್ಮೆ ನೋಡಿ.

ಮೊದಲ ಬಾರಿಗೆ ಬೋರ್ಡ್, ಮೆಮೊರಿ, ವಿಜಿಎ ಕಾರ್ಡ್, ಸ್ಪೀಕರ್ ಇಷ್ಟೇ ಇರಲಿ. ಕಾರ್ಡಿನ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಐಸೊಪ್ರೊಪೈಲ್‌ನಿಂದ ಒರೆಸಿ ಹಾಕಿ. ನನ್ನ ಅನುಭವದಲ್ಲಿ 'ಸತ್ತ' ಬೋರ್ಡ್‌ಗಳಲ್ಲಿ ಎಷ್ಟೋ ಇದೊಂದಕ್ಕೇ ಎದ್ದು ಕೂತಿವೆ. 30 ಪಿನ್ ಮೆಮೊರಿ ಕಡ್ಡಿಗಳಾದರೆ 386 ಡಿಎಕ್ಸ್, 486ಕ್ಕೆ ಒಂದೇ ಥರದ ನಾಲ್ಕು ಬೇಕು, ಯಾಕೆಂದರೆ ಒಂದೊಂದು ಕೊಡುವುದು 8 ಬಿಟ್, ಪ್ರೊಸೆಸರ್ ಕೇಳುವುದು 32. 72 ಪಿನ್ ಕಡ್ಡಿಯಾದರೆ 486ಕ್ಕೆ ಒಂದು ಸಾಕು.

ಸ್ವಿಚ್ ಹಾಕಿ, ಒಂದು ಕೈ ಸ್ವಿಚ್ ಮೇಲೇ ಇರಲಿ. ಮೂಗು, ಕಿವಿ ಎರಡೂ ತೆರೆದಿರಲಿ. ಸುಟ್ಟ ವಾಸನೆ ಬಂದರೆ ತಕ್ಷಣ ಆರಿಸಿ. ಬೀಪ್‌ಗಳನ್ನು ಎಣಿಸಿ. ಎಎಂಐ ಕಂಪನಿಯ ಬಯಾಸ್‌ನಲ್ಲಿ (ಸ್ವಿಚ್ ಹಾಕಿದೊಡನೆ ಮೆಷಿನ್ ಎಬ್ಬಿಸುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಮೂರು ಬೀಪ್ ಬಂದರೆ ಮೆಮೊರಿ, ಎಂಟು ಬಂದರೆ ಡಿಸ್‌ಪ್ಲೇ ಕಾರ್ಡ್. ಏನೂ ಕೇಳಿಸದಿದ್ದರೆ ಮೆಮೊರಿ ತೆಗೆದು ಮತ್ತೆ ಕೂರಿಸಿ. ನನ್ನದು ಎರಡನೇ ಸಲಕ್ಕೆ ಮೆಮೊರಿ ಎಣಿಸಲು ಶುರು ಮಾಡಿತು, ಟಿಕ್ ಟಿಕ್ ಅನ್ನುತ್ತಾ 8 ಎಂಬಿವರೆಗೆ.

ಹಳೇ ಡಿಸ್ಕಿನ ಒಳಗಿನ ಕನ್ನಡ

ಇಲ್ಲಿ ಅವಸರದಿಂದ ಹಾರ್ಡ್ ಡಿಸ್ಕ್ ಜೋಡಿಸಿ ಬೂಟ್ ಮಾಡಬೇಡಿ. ಆ ಡಿಸ್ಕ್ ಇನ್ನು ಒಂದೇ ಸಲ ತಿರುಗುವ ಸ್ಥಿತಿಯಲ್ಲಿರಬಹುದು. ಆ ಒಂದು ಸಲ ಅದರೊಳಗಿನದನ್ನು ಉಳಿಸಲು ಬಳಸಿ. ಯುಎಸ್‌ಬಿ ಅಡಾಪ್ಟರ್‌ಗಳು ತೀರಾ ಹಳೇ ಡಿಸ್ಕ್‌ಗಳನ್ನು ಎಷ್ಟೋ ಸಲ ಗುರುತಿಸುವುದಿಲ್ಲ. ಐಡಿಇ ಸಾಕೆಟ್ (ಹಳೇ ಹಾರ್ಡ್ ಡಿಸ್ಕಿನ ರಿಬ್ಬನ್ ಕೇಬಲ್ ಕೂರುವ ಜಾಗ) ಇರುವ ಪೆಂಟಿಯಂ 4 ಕಂಪ್ಯೂಟರ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಲಿನಕ್ಸ್ ಸಿಡಿಯಿಂದ ಎಬ್ಬಿಸಿ, ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡೀ ಡಿಸ್ಕನ್ನು ಒಂದು ಇಮೇಜ್ ಫೈಲ್ ಆಗಿ ಇಳಿಸಿ. ವಿಂಡೋಸ್‌ನಲ್ಲಿ ತೆರೆದರೆ ಅದು ಡಿಸ್ಕ್ ಮೇಲೆ ಏನಾದರೂ ಬರೆಯುತ್ತದೆ, ಅದು ಬೇಡ.

ನನ್ನ ಡಿಸ್ಕಿನಲ್ಲಿ ವಿಂಡೋಸ್ 95, 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶ, ನೂರಾರು ಫೈಲ್. ಶೇಷಾದ್ರಿ ವಾಸು ಅವರ ಬರಹ ಹೊರಬಂದದ್ದು 1998ರಲ್ಲಿ. ಆ ಕಾಲದ ಫೈಲನ್ನು ಈಗಿನ ಕಂಪ್ಯೂಟರ್‌ನಲ್ಲಿ ತೆರೆದರೆ ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ! ಆಗಿನ ಕನ್ನಡ ಫಾಂಟ್‌ಗಳು ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡು ತುಂಡಾಗಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿದ್ದವು. ಆ ಫಾಂಟ್ ಸಿಕ್ಕರೆ ಗೋಜಲು ಮತ್ತೆ ಕನ್ನಡವಾಗುತ್ತದೆ. ಹಾಗಾಗಿ ಫೈಲ್‌ಗಳ ಜೊತೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ಎತ್ತಿಡಿ. ಬರಹ, ನುಡಿ ತಂತ್ರಾಂಶಗಳ ಹಳೇ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಕಣ್ಣಿಟ್ಟು ಓದಿ ತಿದ್ದಬೇಕಾಗುತ್ತದೆ.

ಡಾಸ್ ಕಾಲದ ಮೆಷಿನ್ ಆಗಿದ್ದರೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಒಳಗಿರುವ ಸಾಧ್ಯತೆ ಇದೆ. ಡಾಸ್ ಪ್ರೋಗ್ರಾಮ್‌ಗಳಲ್ಲಿ ಭಾರತೀಯ ಲಿಪಿ ಮೂಡಿಸಲು ಅದನ್ನು ಹಾಕುತ್ತಿದ್ದರು. ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡಿ.

ನನಗೆ ಸಿಕ್ಕ ಫೈಲ್‌ಗಳಲ್ಲಿ ಲಗ್ನಪತ್ರಿಕೆಗಳು, ಡೇರಿ ಸಭೆಯ ನೋಟಿಸ್, ಜಾತ್ರೆಯ ಕರಪತ್ರ ಇದ್ದವು. ಅವು ಬೇರೆಯವರ ಮನೆಯ ಕಾಗದಗಳು, ಯಾರಿಗೂ ತೋರಿಸುವಂಥವಲ್ಲ. ಅಂಗಡಿ ನಡೆಸುತ್ತಿದ್ದವರನ್ನು ಗುಜರಿಯವರ ಮೂಲಕ ಹುಡುಕಿ, ಎಲ್ಲವನ್ನೂ ಒಂದು ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಅವರು ಮೊದಲು ಹುಡುಕಿದ್ದು ತಮ್ಮ ತಂಗಿಯ ಮದುವೆಯ ಪತ್ರಿಕೆಯನ್ನು.

ದಿನಬಳಕೆಗೆ ಹಳೇ ಡಿಸ್ಕ್ ಬದಲು ಐಡಿಇ ಅಡಾಪ್ಟರ್‌ನಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ. 486 ಕಾಲದ ಬಹುತೇಕ ಬಯಾಸ್‌ಗಳು 504 ಎಂಬಿಗಿಂತ ದೊಡ್ಡದನ್ನು ಕಾಣುವುದಿಲ್ಲ, ಹಾಗಾಗಿ ಸಣ್ಣ ಕಾರ್ಡೇ ಸಾಕು. ಅದರ ಮೇಲೆ ಉಚಿತವಾಗಿ ಸಿಗುವ ಫ್ರೀಡಾಸ್ ಹಾಕಬಹುದು. ಬೂಟ್ ಆದ ಮೇಲೆ ದಿನಾಂಕ ಕೈಯಾರೆ ಕೊಡಿ. ಕೆಲವು ಬಯಾಸ್ 1999ರ ನಂತರ ದಾರಿ ತಪ್ಪುತ್ತವೆ.

ಉಳಿದದ್ದು

ಫ್ಲಾಪಿ ಹಾಕುವ ಮುಂಚೆ ಅದರ ಬಾಗಿಲು ಸರಿಸಿ ಒಳಗಿನ ಕಪ್ಪು ತಟ್ಟೆ ನೋಡಿ. ಬಿಳಿ ಚುಕ್ಕೆ ಇದ್ದರೆ ಬೂಷ್ಟು. ಅದು ಡ್ರೈವಿನ ಹೆಡ್‌ಗೆ ಅಂಟಿದರೆ ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರಿ ಹಾಕುತ್ತದೆ. ಹೆಡ್ಡನ್ನು ಹತ್ತಿಕಡ್ಡಿ, ಐಸೊಪ್ರೊಪೈಲ್‌ನಿಂದ ಮೆಲ್ಲಗೆ ಒರೆಸಿ. ಡ್ರೈವ್ ಕೆಟ್ಟಿದ್ದರೆ ಪೆನ್‌ಡ್ರೈವ್ ತೆಗೆದುಕೊಳ್ಳುವ ಗೋಟೆಕ್ ಎಮ್ಯುಲೇಟರ್ ಸಿಗುತ್ತದೆ. ಹಳದಿಗಟ್ಟಿದ ಪ್ಲಾಸ್ಟಿಕ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಡುವ ಪದ್ಧತಿ ಇದೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗಿ ಪಟ್ಟೆ ಪಟ್ಟೆಯಾಗುತ್ತದೆ, ಹಳದಿ ಮತ್ತೆ ಬರುವುದೂ ಉಂಟು. ನಾನು ಸೋಪಿನ ನೀರಲ್ಲಿ ಒರೆಸಿ ಬಿಟ್ಟಿದ್ದೇನೆ.

ತಿಂಗಳಿಗೊಮ್ಮೆ ಒಂದು ಗಂಟೆ ಓಡಿಸಿ. ಮೇಲೆ ಹತ್ತಿ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ. ವರ್ಷಗಟ್ಟಲೆ ಎತ್ತಿಡುವುದಾದರೆ ಪೆನ್ಸಿಲ್ ಸೆಲ್ ತೆಗೆದಿಡಿ. ಕೇಸಿನ ಒಳಗೆ ಒಂದು ಚೀಟಿ ಅಂಟಿಸಿ: ಬ್ಯಾಟರಿ ಬದಲಿಸಿದ ದಿನ, ಬೆಸೆದ ಗೆರೆಗಳು, ಜಂಪರ್‌ಗಳ ಜಾಗ, ಕೆಂಪು ಸ್ವಿಚ್ 230. ಮುಂದೆ ಅದನ್ನು ತೆರೆಯುವವರು ನೀವೇ ಆಗಿರಬೇಕೆಂದಿಲ್ಲ.